ಕುಂದಲಹಳ್ಳಿ ಕೆರೆಗೆ ಹಿಮ ಬಿದ್ದಾಗ

ಏಪ್ರಿಲ್ ತಿಂಗಳ ಮಧ್ಯಾಹ್ನ ಹನ್ನೆರಡೂವರೆ. ಕುಂದಲಹಳ್ಳಿ ಕೆರೆಯ ದಡ ಹೆಚ್ಚುಕಡಿಮೆ ಖಾಲಿ. ಬೆಳಗಿನ ವಾಕಿಂಗಿನವರು ಬೂಟು ಬಿಚ್ಚಿಟ್ಟು ಆಫೀಸಿನ ಎ.ಸಿ.ಯಲ್ಲಿ ಕೂತು ಮೂರು ಗಂಟೆಯಾಯಿತು. ಉದ್ದ ಲೆನ್ಸಿನ ಹಕ್ಕಿಪ್ರಿಯರು ಎಂಟಕ್ಕೇ ಗಂಟುಮೂಟೆ ಕಟ್ಟಿದ್ದಾರೆ. ನಡುಮಧ್ಯಾಹ್ನದ ಬೆಳಕು ಫೋಟೊಗೆ ಆಗಿಬರುವುದಿಲ್ಲ ಎಂಬುದು ಅವರ ಶಾಸ್ತ್ರ. ನೆರಳು ಗಡುಸು, ಆಕಾಶ ಪೇಲವ, ನೀರಿನ ಮೇಲಿನ ಹೊಳಪು ಕಣ್ಣಿಗೆ ಚುಚ್ಚುತ್ತದೆ. ಒಂದು ಕಡೆಯಿಂದ ರಸ್ತೆಯ ಹಾರನ್ನು, ತಲೆಯ ಮೇಲೆ ಆಗಾಗ ಎಚ್‌ಎಎಲ್ ಕಡೆಯ ವಿಮಾನದ ಗುಡುಗು. ಜೊಂಡಿನ ಮರೆಯಲ್ಲಿ ಒಂದು ಕೊಳದ ಬಕ ಕತ್ತು ಕುಗ್ಗಿಸಿ ನಿಂತಿದೆ.

ನಾನು ಕ್ಯಾಮೆರಾ ಹೊರಗೆ ತೆಗೆಯುವುದು ಈ ಹೊತ್ತಿಗೆ. ಶಟರ್ ಒತ್ತಿದರೆ ಪರದೆಯ ಮೇಲೆ ಮೂಡುವ ಕೆರೆ ಬೇರೆಯದೇ. ದಡದ ಹೊಂಗೆ, ಜೊಂಡು, ಕಾಲಡಿಯ ಗರಿಕೆ ಎಲ್ಲವೂ ರಾತ್ರಿಯಿಡೀ ಹಿಮ ಸುರಿದಂತೆ ಬೆಳ್ಳಗೆ. ಆಕಾಶ ಕಡುಬೂದು, ಅದರಲ್ಲಿ ಮೋಡಗಳು ಅರಳೆಯಂತೆ ಎದ್ದು ನಿಂತಿವೆ. ನೀರು ಮಸಿ ಕುಡಿಕೆ.

ದನಕ್ಕೆ ಹುಲ್ಲು ಕೊಯ್ಯಲು ಬಂದಿದ್ದ ಯಜಮಾನರೊಬ್ಬರು ಹೊರೆ ಇಳಿಸಿ ಇಣುಕಿದರು. ‘ಇದೇನ್ ಸಾಮಿ, ಹಾಲು ಚೆಲ್ದಂಗೈತೆ! ನಮ್ ಕೆರೇನಾ ಇದು?’

ಅವರದೇ ಕೆರೆ. ಕಂಪ್ಯೂಟರಿನಲ್ಲಿ ಬಣ್ಣ ಬಳಿದದ್ದಲ್ಲ, ಮೊಬೈಲಿನ ಫಿಲ್ಟರ್ ಆಟವೂ ಅಲ್ಲ. ನಮ್ಮ ಕಣ್ಣಿಗೆ ದಕ್ಕದ ಒಂದು ಬೆಳಕಿನಲ್ಲಿ ಕೆರೆ ಹೀಗೇ ಇರುತ್ತದೆ, ದಿನವೂ. ಆ ಬೆಳಕಿಗೆ ಇನ್‌ಫ್ರಾರೆಡ್ ಎಂದು ಹೆಸರು. ಪಠ್ಯಪುಸ್ತಕದ ಕನ್ನಡದಲ್ಲಿ ಅವಗೆಂಪು, ಅಂದರೆ ಕೆಂಪಿಗಿಂತ ಕೆಳಗಿನದು.

ಜ್ವರದ ಗನ್ನಿಗೂ ಇದಕ್ಕೂ ಏನು ಸಂಬಂಧ?

ಇನ್‌ಫ್ರಾರೆಡ್ ಎಂದೊಡನೆ ನಮಗೆ ನೆನಪಾಗುವುದು ಕೋವಿಡ್ ಕಾಲದಲ್ಲಿ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿಯವರು ಹಣೆಗೆ ಹಿಡಿಯುತ್ತಿದ್ದ ಗನ್ನು. ಹಾಗಾಗಿ ಇನ್‌ಫ್ರಾರೆಡ್ ಫೋಟೊ ಎಂದರೆ ಬಿಸಿಯ ಫೋಟೊ ಎಂದು ತಿಳಿದವರೇ ಹೆಚ್ಚು. ಬೆಳ್ಳಗೆ ಕಾಣುವ ಎಲೆ ಬಿಸಿಯಾಗಿದೆ, ಕಪ್ಪು ನೀರು ತಣ್ಣಗಿದೆ ಎಂದು ಓದುತ್ತಾರೆ. ಅದು ತಪ್ಪು.

ಬೆಳಕು ಅಲೆ. ಅಲೆಯ ಉದ್ದವನ್ನು ನ್ಯಾನೊಮೀಟರಿನಲ್ಲಿ ಅಳೆಯುತ್ತಾರೆ. ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು ಅದು. ನಮ್ಮ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700ರವರೆಗೆ, ನೇರಳೆಯಿಂದ ಕೆಂಪಿನ ತನಕ. 700 ದಾಟಿದ ಕೂಡಲೇ ಬೆಳಕು ನಿಂತುಹೋಗುವುದಿಲ್ಲ, ನಮ್ಮ ಕಣ್ಣು ನಿಂತುಹೋಗುತ್ತದೆ, ಅಷ್ಟೆ. ಕ್ಯಾಮೆರಾದ ಸಿಲಿಕಾನ್ ಸೆನ್ಸರು ಮಾತ್ರ ಸುಮಾರು 1100ರವರೆಗೂ ನೋಡಬಲ್ಲದು. ಕೆರೆಗೆ ಹಿಮ ಸುರಿಸುವ ಬೆಳಕು ಈ ನಡುವಿನದು. ಸೂರ್ಯನಿಂದ ಬಂದು, ಎಲೆಗೆ ತಾಗಿ, ಮರಳುವ ಬೆಳಕು. ಮೈಯಿಂದ ಹೊರಡುವ ಶಾಖದ ಅಲೆ ಇದರ ಹತ್ತು ಪಟ್ಟಿಗೂ ಉದ್ದ, 10,000 ನ್ಯಾನೊಮೀಟರಿನ ಆಸುಪಾಸು. ಅದು ಸಾಮಾನ್ಯ ಗಾಜಿನ ಮೂಲಕ ಹಾಯುವುದೂ ಇಲ್ಲ; ಶಾಖ ನೋಡುವ ಕ್ಯಾಮೆರಾಗಳಿಗೆ ಜರ್ಮೇನಿಯಂನಂಥ ಬೇರೆ ವಸ್ತುವಿನ ಲೆನ್ಸೇ ಬೇಕು. ಪಶ್ಚಿಮಘಟ್ಟದ ಗುಳಿಮಂಡಲ ಹಾವು ಕಣ್ಣಿಗೂ ಮೂಗಿಗೂ ನಡುವಿನ ಕುಳಿಯಿಂದ ಇಲಿಯನ್ನು ಕತ್ತಲಲ್ಲಿ ಗುರುತಿಸುವುದು ಈ ಎರಡನೆಯ ಬಗೆಯ ಅಲೆಯಿಂದ. ಹೆಸರು ಒಂದೇ ಇದ್ದರೂ ಎರಡೂ ದಾಯಾದಿಗಳು.

ಗೊಂದಲಕ್ಕೆ ಮೂಲವೂ ಇದೆ. 1800ರಲ್ಲಿ ಇದನ್ನು ಮೊದಲು ಕಂಡುಹಿಡಿದ ವಿಲಿಯಂ ಹರ್ಶೆಲ್ ಬಳಸಿದ್ದು ಥರ್ಮಾಮೀಟರನ್ನು. ಸಂಗೀತಗಾರನಾಗಿದ್ದು ಖಗೋಳ ವಿಜ್ಞಾನಿಯಾದವನು, ಯುರೇನಸ್ ಗ್ರಹ ಕಂಡುಹಿಡಿದವನು. ಪಟ್ಟಕದಿಂದ ಒಡೆದ ಬಣ್ಣಗಳಲ್ಲಿ ಯಾವುದು ಎಷ್ಟು ಬಿಸಿ ಎಂದು ನೋಡುತ್ತಿದ್ದಾಗ, ಕೆಂಪಿನ ಆಚೆ, ಏನೂ ಕಾಣದ ಜಾಗದಲ್ಲಿಟ್ಟ ಥರ್ಮಾಮೀಟರಿನ ಪಾದರಸ ಎಲ್ಲಕ್ಕಿಂತ ಹೆಚ್ಚು ಏರಿತು. ಅಂದಿನಿಂದ ಇನ್‌ಫ್ರಾರೆಡ್ಡಿಗೆ ಶಾಖದ ಹಣೆಪಟ್ಟಿ ಅಂಟಿಕೊಂಡಿದೆ.

ಮನೆಯಲ್ಲೇ ಇದನ್ನು ನೋಡಬಹುದು. ಟಿವಿ ರಿಮೋಟಿನ ಮೂತಿಯನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿ. ಬರಿಗಣ್ಣಿಗೆ ಸತ್ತಂತಿರುವ ಆ ಪುಟ್ಟ ಬಲ್ಬು ಪರದೆಯ ಮೇಲೆ ತಿಳಿನೇರಳೆಯಾಗಿ ಮಿಣಮಿಣ ಎನ್ನುತ್ತದೆ. ಹಿಂಬದಿಯ ಕ್ಯಾಮೆರಾದಲ್ಲಿ ಬಹುಶಃ ಕಾಣುವುದಿಲ್ಲ, ಅಲ್ಲಿ ಇನ್‌ಫ್ರಾರೆಡ್ ತಡೆಯುವ ಗಾಜು ಹೆಚ್ಚು ಬಿಗಿ.

ಎಲೆ ಬಿಸಾಡುವ ಬೆಳಕು

ಎಲೆ ಹಸಿರಾಗಿ ಕಾಣುವುದು ಪತ್ರಹರಿತ್ತಿನಿಂದ ಎಂಬುದು ಎಲ್ಲರಿಗೂ ಗೊತ್ತು. ಅದು ಕೆಂಪು, ನೀಲಿ ಬೆಳಕನ್ನು ಹೀರಿ ಅನ್ನ ಮಾಡಿಕೊಳ್ಳುತ್ತದೆ, ಹಸಿರನ್ನು ಒಂದಿಷ್ಟು ಬಿಟ್ಟುಕೊಡುತ್ತದೆ. ಆದರೆ 700 ನ್ಯಾನೊಮೀಟರ್ ದಾಟಿದ ಬೆಳಕು ಪತ್ರಹರಿತ್ತಿಗೆ ಬೇಡ. ಆ ಬೆಳಕಿನಲ್ಲಿ ಅಡುಗೆ ಬೇಯುವಷ್ಟು ಕಸುವಿಲ್ಲ. ಹೀರಿಕೊಂಡರೆ ಎಲೆ ಸುಮ್ಮನೆ ಕಾಯುತ್ತದೆ. ಹಾಗಾಗಿ ಅದು ಒಳಗೆ ಹೋಗುತ್ತದೆ, ಎಲೆಯ ಹೊಟ್ಟೆಯಲ್ಲಿರುವ ಸ್ಪಂಜಿನಂಥ ಪದರದ ಜೀವಕೋಶಗಳಿಗೂ ಗಾಳಿಗೂಡುಗಳಿಗೂ ಬಡಿದು ಚೆದುರಿ, ಅರ್ಧದಷ್ಟು ಹೊರಗೆ ಬೀಳುತ್ತದೆ. ಕೆಂಪು ಬೆಳಕನ್ನು ನೂರಕ್ಕೆ ಐದರಷ್ಟು ಮಾತ್ರ ಹಿಂದಿರುಗಿಸುವ ಎಲೆ, ಅದರ ಪಕ್ಕದ ಇನ್‌ಫ್ರಾರೆಡ್ಡನ್ನು ನೂರಕ್ಕೆ ನಲವತ್ತು ಐವತ್ತರಷ್ಟು ಹಿಂದಿರುಗಿಸುತ್ತದೆ. ಸಕ್ಕರೆಯ ಹರಳು ಪಾರದರ್ಶಕವಾಗಿದ್ದರೂ ಸಕ್ಕರೆಯ ರಾಶಿ ಬೆಳ್ಳಗಿರುತ್ತದಲ್ಲ, ಅದೇ ಲೆಕ್ಕ.

1910ರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲಿಯಮ್ಸ್ ವುಡ್ ಇಂಥ ಚಿತ್ರಗಳನ್ನು ಮೊದಲ ಬಾರಿಗೆ ಪ್ರಕಟಿಸಿದ. ಮರಗಳು ಬೆಳ್ಳಗಾಗುವುದಕ್ಕೆ ಇಂದಿಗೂ ‘ವುಡ್ ಪರಿಣಾಮ’ ಎನ್ನುತ್ತಾರೆ. ಮರಕ್ಕೂ ಆ ಹೆಸರಿಗೂ ಸಂಬಂಧವಿಲ್ಲ, ಅದು ಆತನ ಮನೆತನದ ಹೆಸರು. ಇಷ್ಟು ಹೊಂದುವ ಹೆಸರು ವಿಜ್ಞಾನದಲ್ಲಿ ಅಪರೂಪ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಇದಕ್ಕೆ ಇನ್ನೊಂದು ಉಪಯೋಗ ಸಿಕ್ಕಿತು. ಟ್ಯಾಂಕಿಗೆ ಹಸಿರು ಬಣ್ಣ ಬಳಿದು, ಮೇಲೆ ಕಡಿದ ಕೊಂಬೆ ಹೊದಿಸಿ ಮರೆಮಾಡಿದರೆ ಬರಿಗಣ್ಣು ಮೋಸಹೋಗುತ್ತದೆ. ಕೊಡಾಕ್ ಕಂಪನಿ ತಯಾರಿಸಿದ ಇನ್‌ಫ್ರಾರೆಡ್ ಬಣ್ಣದ ಫಿಲಂ ಮೋಸಹೋಗಲಿಲ್ಲ. ಬಣ್ಣದ ಹಸಿರಿಗೂ ಬದುಕಿರುವ ಹಸಿರಿಗೂ ಇರುವ ಅಂತರ ಅದರಲ್ಲಿ ಬಯಲಾಗುತ್ತಿತ್ತು. ಕೆರೆಯ ದಡದಲ್ಲೂ ಇದನ್ನು ನೋಡಬಹುದು. ಗಿಡಗಳ ಜೊತೆ ಹೊಂದಲಿ ಎಂದು ಹಸಿರು ಬಳಿದ ಕಬ್ಬಿಣದ ಬೇಲಿ ಬರಿಗಣ್ಣಿಗೆ ಬಳ್ಳಿಯೊಳಗೆ ಮರೆಯಾಗಿತ್ತು. ನನ್ನ ಚಿತ್ರದಲ್ಲಿ ಬಳ್ಳಿ ಬೆಳ್ಳಿ, ಬೇಲಿ ಇದ್ದಿಲು.

ನೀರೇಕೆ ಮಸಿ?

ಎಲೆಗೆ ಬೇಡವಾದದ್ದು ನೀರಿಗೆ ಬಲು ಇಷ್ಟ. ಶುದ್ಧ ನೀರಿನಲ್ಲಿ ಒಂದು ಮೀಟರ್ ಇಳಿಯುವಷ್ಟರಲ್ಲಿ 750 ನ್ಯಾನೊಮೀಟರಿನ ಬೆಳಕಿನ ನೂರರಲ್ಲಿ 90ಕ್ಕೂ ಹೆಚ್ಚು ಪಾಲು ಕರಗಿಹೋಗಿರುತ್ತದೆ. ಉಳಿದದ್ದು ತಳಕ್ಕೆ ಬಡಿದು ಅಷ್ಟೇ ದೂರ ಮೇಲೆ ಬರಬೇಕು. ಬರುವುದಿಲ್ಲ. ಅಲೆ ಉದ್ದವಾದಷ್ಟೂ ನೀರಿನ ಹಸಿವು ಹೆಚ್ಚು. ಆದ್ದರಿಂದ ತಿಳಿನೀರಿನ ಕೆರೆ ಇನ್‌ಫ್ರಾರೆಡ್ಡಿನಲ್ಲಿ ತಳವಿಲ್ಲದ ಬಾವಿಯಂತೆ ಕಾಣುತ್ತದೆ. ಮೇಲ್ಮೈ ಮಾತ್ರ ಕನ್ನಡಿ. ಮೋಡದ ಬಿಂಬ, ಬಿಳಿಮರದ ಬಿಂಬ, ಆ ಕಪ್ಪಿನ ಮೇಲೆ ಹಾಸಿದಂತಿರುತ್ತದೆ. ಬಣ್ಣದ ಫೋಟೊದಲ್ಲಿ ಎಂದೂ ಇಷ್ಟು ಚೊಕ್ಕ ಬಿಂಬ ಸಿಗುವುದಿಲ್ಲ, ಏಕೆಂದರೆ ಅಲ್ಲಿ ನೀರಿನ ಒಳಗಿನ ಹಸಿರು, ಕಂದು ಕೂಡ ಬಂದು ಬೆರೆಯುತ್ತದೆ.

ಮಳೆಗಾಲದ ಮೊದಲ ಕೆಂಪು ನೀರು ಬಂದಾಗ ಈ ಕಪ್ಪು ಬೂದಾಗುತ್ತದೆ. ನೀರಿನಲ್ಲಿ ತೇಲುವ ಮಣ್ಣಿನ ಕಣಗಳು ಬೆಳಕನ್ನು ಮೇಲಿನಿಂದಲೇ ವಾಪಸು ಕಳಿಸುತ್ತವೆ. ನೀರಿನ ಮೇಲೆ ಕೆನೆಗಟ್ಟಿದ ಪಾಚಿಯಿದ್ದರೆ ಅದು ಬಿಳಿ ತೇಪೆಯಾಗಿ ಕಾಣುತ್ತದೆ; ಅದೇ ಪಾಚಿ ಒಂದೆರಡು ಅಡಿ ಆಳದಲ್ಲಿದ್ದರೆ ಬಹುಪಾಲು ನುಂಗಿಹೋಗುತ್ತದೆ. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ: ಇನ್‌ಫ್ರಾರೆಡ್ ಕಣ್ಣಿಗೆ ನೀರಿನ ಮೇಲಿರುವುದು ಸಿಗುತ್ತದೆ, ನೀರಿನಲ್ಲಿ ಕರಗಿರುವುದು ಸಿಗುವುದಿಲ್ಲ.

ಮಿಂಚುಳ್ಳಿಯ ನೀಲಿ ಎಲ್ಲಿ ಹೋಯಿತು?

ಹಕ್ಕಿ, ಕಪ್ಪೆಗಳ ವಿಷಯದಲ್ಲಿ ಈ ಬೆಳಕು ಸ್ವಲ್ಪ ನಿರ್ದಯಿ. ಮಿಂಚುಳ್ಳಿಯ ನೀಲಿ, ಜಂಬುಕೋಳಿಯ ನೇರಳೆ, ಮುಂಗಾರಿನಲ್ಲಿ ಗಂಡು ಗೂಳಿಕಪ್ಪೆ ಉಟ್ಟುಕೊಳ್ಳುವ ಅರಿಸಿನ ಹಳದಿ, ಯಾವುದೂ ಉಳಿಯುವುದಿಲ್ಲ. ಎಲ್ಲವೂ ಬೂದಿನ ಬೇರೆ ಬೇರೆ ಮಟ್ಟಗಳು. ನೀರುಕಾಗೆಯ ಕಪ್ಪು ಕೂಡ ಪೂರ್ತಿ ಕಪ್ಪಲ್ಲ. ಗರಿಗೆ ಕಪ್ಪು ಕೊಡುವ ಮೆಲನಿನ್ ಅಲೆ ಉದ್ದವಾದಂತೆ ಬೆಳಕನ್ನು ಕಡಿಮೆ ಹೀರುತ್ತದೆ, ಹಾಗಾಗಿ ಕಪ್ಪುಗರಿಗೆ ಒಂದು ಮಾಸಲು ಬರುತ್ತದೆ. ನಮ್ಮ ಕಪ್ಪು ಟೀ ಶರ್ಟುಗಳ ಕಥೆಯೂ ಅದೇ, ಎಷ್ಟೋ ಬಣ್ಣಗಳು ಇನ್‌ಫ್ರಾರೆಡ್ಡಿನಲ್ಲಿ ಬಿಳಚಿಕೊಳ್ಳುತ್ತವೆ.

ಹಾಗಿದ್ದರೂ ಬೆಳ್ಳಕ್ಕಿಯನ್ನು ಒಮ್ಮೆ ಈ ಬೆಳಕಿನಲ್ಲಿ ನೋಡಬೇಕು. ಕಪ್ಪು ನೀರಿನ ಅಂಚಿನಲ್ಲಿ ಬಿಳಿಹಕ್ಕಿ, ಅದರ ಹಿಂದೆ ಬಿಳಿಯ ಜೊಂಡು. ದಡದ ಕಡೆಯಿಂದ ಹಕ್ಕಿ ಕರಗಿಹೋಗುತ್ತದೆ, ನೀರಿನ ಕಡೆಯಿಂದ ಕೊರೆದಂತೆ ನಿಲ್ಲುತ್ತದೆ. ಕೊಳದ ಬಕ ಇದಕ್ಕೆ ತದ್ವಿರುದ್ಧ. ಕಂದುಗೀರಿನ ಆ ಹಕ್ಕಿ ಒಣಜೊಂಡಿನ ನಡುವೆ ಕೂತರೆ ನಮಗೆ ಕಾಣುವುದೇ ಇಲ್ಲ, ಹಾರಿದಾಗ ರೆಕ್ಕೆಯ ಬಿಳಿ ಬಿಚ್ಚಿಕೊಂಡು ಬೆಚ್ಚಿಬೀಳಿಸುತ್ತದೆ. ಹಸಿಜೊಂಡಿನ ಮುಂದೆ ಕೂತ ಬಕವನ್ನು ಇನ್‌ಫ್ರಾರೆಡ್ ಸುಲಭವಾಗಿ ಹಿಡಿದುಕೊಡುತ್ತದೆ. ಹಿಂದಿನದೆಲ್ಲ ಬೆಳ್ಳಗಾದಾಗ ಅದೊಂದೇ ಬೂದಾಗಿ ಉಳಿದಿರುತ್ತದೆ.

ಎಲ್ಲ ಪ್ರಾಣಿಗಳೂ ಹೀಗೆ ಸಿಕ್ಕಿಬೀಳುವುದಿಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಕೆಲವು ಹಸಿರು ಮರಗಪ್ಪೆಗಳ ಚರ್ಮ ಎಲೆಯಂತೆಯೇ ಇನ್‌ಫ್ರಾರೆಡ್ಡನ್ನು ಹಿಂದಿರುಗಿಸುತ್ತದೆ ಎಂದು 1970ರ ದಶಕದಲ್ಲೇ ವಿಜ್ಞಾನಿಗಳು ಅಳೆದು ತೋರಿಸಿದರು. ಎಲೆಯ ಮೇಲೆ ಕೂತರೆ ಅವು ಈ ಕ್ಯಾಮೆರಾಕ್ಕೂ ಎಲೆಯೇ.

ರಾತ್ರಿಯ ಕಥೆ ಬೇರೆ. ಸೂರ್ಯನಿಲ್ಲದಾಗ ಇನ್‌ಫ್ರಾರೆಡ್ಡನ್ನು ನಾವೇ ಒಯ್ಯಬೇಕು. ಕಾಡಿನಲ್ಲಿ ಮರಕ್ಕೆ ಕಟ್ಟುವ ಕ್ಯಾಮೆರಾ ಟ್ರ್ಯಾಪುಗಳಲ್ಲಿ ಅಂಥ ಬಲ್ಬುಗಳ ಸಾಲು ಇರುತ್ತದೆ. 850 ನ್ಯಾನೊಮೀಟರಿನವಾದರೆ ಹತ್ತಿರದಿಂದ ಮಂಕು ಕೆಂಪು ಕಿಡಿ ಕಾಣುತ್ತದೆ, 940ರದ್ದಾದರೆ ಅದೂ ಇಲ್ಲ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ಹುಲಿ ಎಣಿಸಲು ಕ್ಯಾಮೆರಾ ಟ್ರ್ಯಾಪ್ ಹೂಡಿದಾಗ ಬಳಸಿದ್ದು ಬಿಳಿ ಫ್ಲ್ಯಾಶನ್ನು. ಪಟ್ಟೆಯ ಗೆರೆ ಗೆರೆಯೂ ಸ್ಪಷ್ಟ ಬೇಕೆಂದು ಇಂದಿಗೂ ಹುಲಿ ಎಣಿಸುವವರು ಹಲವರು ಅದನ್ನೇ ನೆಚ್ಚುತ್ತಾರೆ. ಬೆಚ್ಚದಂತೆ ನೋಡುವುದೇ ಮುಖ್ಯವಾದ ಕಡೆ ಇನ್‌ಫ್ರಾರೆಡ್.

ಈ ಪೆಟ್ಟಿಗೆಗಳನ್ನು ಎಬ್ಬಿಸುವುದು ಮಾತ್ರ ಮೊದಲು ಹೇಳಿದ ದಾಯಾದಿ, ಶಾಖದ ಅಲೆ. ಬಿಸಿರಕ್ತದ ಪ್ರಾಣಿ ಮುಂದೆ ಹಾದರೆ ಸಂವೇದಕಕ್ಕೆ ತಿಳಿಯುತ್ತದೆ, ಕ್ಯಾಮೆರಾ ಕ್ಲಿಕ್ ಎನ್ನುತ್ತದೆ. ಕೆರೆಯ ದಡದಲ್ಲಿ ಇದು ಕೈಕೊಡುತ್ತದೆ. ಕಪ್ಪೆ, ನೀರೊಳ್ಳೆ ಹಾವು, ಆಮೆ ಇವೆಲ್ಲ ತಣ್ಣನೆಯ ಮೈಯವು. ಕ್ಯಾಮೆರಾ ಮುಂದೆ ಸಂತೆ ನೆರೆದರೂ ಅದಕ್ಕೆ ಎಚ್ಚರವಿಲ್ಲ. ನೀರಿನಿಂದ ಆಗಷ್ಟೇ ಎದ್ದ ನೀರುನಾಯಿಯೂ ತಪ್ಪಿಸಿಕೊಳ್ಳುತ್ತದೆ, ಅದರ ಒದ್ದೆ ತುಪ್ಪಳದ ಹೊರಮೈ ಸುತ್ತಲಿನಷ್ಟೇ ತಂಪು. ತುಂಗಭದ್ರಾ ಅಣೆಕಟ್ಟಿನ ಕೆಳಗೆ ಕಂಪ್ಲಿಯವರೆಗೆ 2015ರಲ್ಲಿ ಘೋಷಣೆಯಾದ ನೀರುನಾಯಿ ಸಂರಕ್ಷಿತ ಪ್ರದೇಶದಂಥ ಕಡೆ ಕೆಲಸ ಮಾಡುವವರಿಗೆ ಇದು ದಿನನಿತ್ಯದ ತಲೆನೋವು. ಇಂಥಲ್ಲಿ ಇಂತಿಷ್ಟು ನಿಮಿಷಕ್ಕೊಂದು ಎಂದು ತಾನಾಗಿಯೇ ಕ್ಲಿಕ್ಕಿಸುವಂತೆ ಹೊಂದಿಸಿ ಕಾಯುವುದೊಂದೇ ದಾರಿ.

ಪೀಣ್ಯದ ಶೆಡ್ಡಿನಿಂದ

ಇದೆಲ್ಲ ಹವ್ಯಾಸಿಗಳ ಆಟ ಎನಿಸಿದರೆ, ನಗರದ ಇನ್ನೊಂದು ತುದಿಯ ಪೀಣ್ಯಕ್ಕೆ ಹೋಗೋಣ, ಕೇರಳದ ದಾರಿಯಾಗಿ. ಭಾರತದ ದೂರಸಂವೇದಿ ಕಾರ್ಯಕ್ರಮ ಶುರುವಾದದ್ದೇ ಒಂದು ಇನ್‌ಫ್ರಾರೆಡ್ ಫೋಟೊದಿಂದ. 1970ರ ಸುಮಾರಿಗೆ ಕೇರಳದ ತೆಂಗಿನ ತೋಟಗಳಲ್ಲಿ ಬೇರು ಸೊರಗು ರೋಗ ಹಬ್ಬಿತ್ತು. ವಿಜ್ಞಾನಿ ಪಿ.ಆರ್. ಪಿಶಾರೋಟಿ ನೇತೃತ್ವದ ತಂಡ ಹೆಲಿಕಾಪ್ಟರಿನಿಂದ ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾದಲ್ಲಿ ಇನ್‌ಫ್ರಾರೆಡ್ ಬಣ್ಣದ ಫಿಲಂ ಹಾಕಿ ತೋಟಗಳ ಚಿತ್ರ ತೆಗೆಯಿತು. ಯುದ್ಧದಲ್ಲಿ ಟ್ಯಾಂಕು ಹುಡುಕಿದ ಅದೇ ಬಗೆಯ ಫಿಲಂ. ಆರೋಗ್ಯದ ಮರ ಅದರಲ್ಲಿ ಕಡುಕೆಂಪು, ಸೊರಗಿದ ಮರ ಮಂಕು. ಪತ್ರಿಕೆಗಳಲ್ಲಿ ಉಪಗ್ರಹ ಚಿತ್ರ ಅಚ್ಚಾದಾಗ ಕಾಡೆಲ್ಲ ರಕ್ತದ ಬಣ್ಣದಲ್ಲಿರುವುದನ್ನು ನೀವು ನೋಡಿರುತ್ತೀರಿ. ಕಾಣದ ಇನ್‌ಫ್ರಾರೆಡ್ಡನ್ನು ಕಾಣುವ ಕೆಂಪಾಗಿ ತೋರಿಸುವ ಪದ್ಧತಿ ಆ ಬಗೆಯ ಫಿಲಂನಿಂದ ಬಂದದ್ದು.

ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ತಂಡ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹವನ್ನು ಕಟ್ಟಿತು, 1975ರ ಏಪ್ರಿಲ್ 19ರಂದು ಅದು ಮೇಲೇರಿತು. ಆರ್ಯಭಟಕ್ಕೆ ನೆಲ ನೋಡುವ ಕಣ್ಣಿರಲಿಲ್ಲ. ನಾಲ್ಕು ವರ್ಷದ ನಂತರ, 1979ರ ಜೂನ್ 7ರಂದು ಹೋದ ಭಾಸ್ಕರಕ್ಕೆ ಎರಡು ಟಿವಿ ಕ್ಯಾಮೆರಾಗಳಿದ್ದವು. ಒಂದು ಕಾಣುವ ಬೆಳಕಿಗೆ, ಇನ್ನೊಂದು 800 ನ್ಯಾನೊಮೀಟರಿನ ಆಸುಪಾಸಿನ ಇನ್‌ಫ್ರಾರೆಡ್ಡಿಗೆ. ಭಾರತದ ಉಪಗ್ರಹವೊಂದು ಮೊದಲ ಬಾರಿ ಕಣ್ಣು ತೆರೆದಾಗ ಅರ್ಧ ಕಣ್ಣು ಇನ್‌ಫ್ರಾರೆಡ್ಡಿನದೇ ಆಗಿತ್ತು. 1988ರ ಮಾರ್ಚ್ 17ರಂದು ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಹಾರಿದಾಗ ರಾವ್ ಅವರೇ ಇಸ್ರೋ ಅಧ್ಯಕ್ಷರು. ಅದು ನೋಡುತ್ತಿದ್ದ ಬೆಳಕಿನ ನಾಲ್ಕು ಪಟ್ಟಿಗಳಲ್ಲಿ ನಾಲ್ಕನೆಯದು ಇನ್‌ಫ್ರಾರೆಡ್. ಆರ್ಯಭಟ ಸಿದ್ಧವಾದ ಪೀಣ್ಯದಲ್ಲಿ ಈಗ ಇಸ್ರೋದ ಎಲೆಕ್ಟ್ರೊ ಆಪ್ಟಿಕ್ಸ್ ಪ್ರಯೋಗಾಲಯವಿದೆ, ಉಪಗ್ರಹಗಳಿಗೆ ಬೇಕಾದ ಸಂವೇದಕ, ಲೆನ್ಸುಗಳ ಕೆಲಸ ಅಲ್ಲಿ ನಡೆಯುತ್ತದೆ. ಮೆಜೆಸ್ಟಿಕ್ಕಿನಿಂದ ಬಸ್ಸಿನಲ್ಲಿ ಪೀಣ್ಯ ದಾಟುವಾಗ ಇದು ಯಾರಿಗೂ ಹೊಳೆಯುವುದಿಲ್ಲ.

ಐಆರ್‌ಎಸ್-1ಎಯ ಒಂದು ಕ್ಯಾಮೆರಾಕ್ಕೆ ನೆಲದ ಮೇಲೆ 72.5 ಮೀಟರ್ ಚೌಕವೇ ಒಂದು ಚುಕ್ಕಿ. ಮೂವತ್ತು ಎಕರೆಯ ಕೆರೆಯೊಂದನ್ನು ಲೆಕ್ಕಕ್ಕೆ ಹಿಡಿದರೆ, ಇಡೀ ಕೆರೆ ಇಪ್ಪತ್ತಮೂರು ಚುಕ್ಕಿ. 2015ರಿಂದ ಮೇಲಿರುವ ಯುರೋಪಿನ ಸೆಂಟಿನೆಲ್-2 ಉಪಗ್ರಹದ ಇನ್‌ಫ್ರಾರೆಡ್ ಚುಕ್ಕಿ 10 ಮೀಟರಿನದು. ಅದೇ ಕೆರೆಗೆ ಈಗ ಸಾವಿರದ ಇನ್ನೂರು ಚುಕ್ಕಿ, ಅದೂ ಪುಕ್ಕಟೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ 1973ರಿಂದೀಚಿನ ಉಪಗ್ರಹ ಚಿತ್ರಗಳನ್ನು ಸಾಲಾಗಿಟ್ಟು, ನಾಲ್ಕು ದಶಕಗಳಲ್ಲಿ ಬೆಂಗಳೂರಿನ ಜಲಮೂಲಗಳ ವಿಸ್ತಾರ 79% ಕುಗ್ಗಿತು ಎಂದು ಲೆಕ್ಕ ಕೊಟ್ಟಿತು. ಇಂಥ ಲೆಕ್ಕಗಳ ಅಡಿಪಾಯದಲ್ಲಿ ಒಂದು ಸರಳ ಗುಣವಿದೆ: ಇನ್‌ಫ್ರಾರೆಡ್ಡಿನಲ್ಲಿ ನೀರು ಕಪ್ಪು, ಉಳಿದದ್ದು ಅಲ್ಲ.

ಹಿಮದ ಅಡಿಯಲ್ಲಿ

ಈಗ ಆ ಹುಲ್ಲಿನ ಹೊರೆಯ ಯಜಮಾನರ ಬಳಿಗೆ ಮರಳುತ್ತೇನೆ. ಕ್ಯಾಮೆರಾದ ಪರದೆಯಲ್ಲಿ ಅವರಿಗೆ ತುಂಬ ಹಿಡಿಸಿದ್ದು ನೀರು ಬಂದು ಸೇರುವ ಮೂಲೆ. ಅಲ್ಲಿ ನೀರಿನ ಮೇಲೆಯೇ ಬಿಳಿ ಕಂಬಳಿ ಹಾಸಿದಂತಿತ್ತು, ಅಂಚು ಮೋಡದಂತೆ ಗುಂಡಗುಂಡಗೆ. ನನ್ನ ಚಿತ್ರಗಳಲ್ಲೆಲ್ಲ ಚೆಂದದ್ದು ಅದೇ. ‘ಇದ್ಯಾವ್ದು ಸಾಮಿ ಇಷ್ಟ್ ಬೆಳ್ಳಗೆ?’ ಎಂದರು. ಕೈ ತೋರಿಸಿದೆ. ಅವರ ಮುಖ ಸಪ್ಪಗಾಯಿತು. ‘ಥೂ, ಅಂತರಗಂಗೆ! ಅದನ್ನ ನಮ್ ದನಾನೂ ಮುಟ್ಟಲ್ಲ.’

ಇನ್‌ಫ್ರಾರೆಡ್ ಛಾಯಾಗ್ರಹಣದ ದೊಡ್ಡ ಮೋಸ ಇದು. ದಕ್ಷಿಣ ಅಮೆರಿಕದಿಂದ ಹೂವಿನ ಚೆಂದಕ್ಕೆಂದು ಬಂದ ಈ ಕಳೆ ಚರಂಡಿ ನೀರಿನ ಸಾರಜನಕ, ರಂಜಕ ಉಂಡು ಒಂದೆರಡು ವಾರದಲ್ಲಿ ಇಮ್ಮಡಿಯಾಗಬಲ್ಲದು. ಎಷ್ಟು ಕೊಳಚೆಯೋ ಅಷ್ಟು ದಷ್ಟಪುಷ್ಟ ಎಲೆ. ಎಷ್ಟು ದಷ್ಟಪುಷ್ಟ ಎಲೆಯೋ ಅಷ್ಟು ಬೆಳ್ಳನೆಯ ಹಿಮ. ತೆಂಗಿನ ರೋಗ ಹುಡುಕಿದ ಬೆಳಕಿಗೆ ಇಲ್ಲಿ ರೋಗ ಕಾಣುವುದಿಲ್ಲ, ಏಕೆಂದರೆ ಗಿಡಕ್ಕೆ ರೋಗವಿಲ್ಲ. ಕೆರೆಗಿದೆ. ಆ ಕಂಬಳಿಯ ಅಡಿಯಲ್ಲಿ ಬೆಳಕಿಲ್ಲ, ಗಾಳಿಯಾಡುವುದಿಲ್ಲ, ಆಮ್ಲಜನಕ ಕುಸಿಯುತ್ತದೆ. ಎಲೆಯ ಮೇಲೆ ನಡೆಯುವ ದೇವನಕ್ಕಿ, ಜಂಬುಕೋಳಿ ಹೇಗೋ ಬದುಕಿಕೊಳ್ಳುತ್ತವೆ. ಮುಳುಗಿ ಮೀನು ಹಿಡಿಯುವ ಗುಳುಮುಳುಕಕ್ಕೂ ನೀರುಕಾಗೆಗೂ ಬಾಗಿಲು ಮುಚ್ಚಿದಂತೆ. ಉಪಗ್ರಹಕ್ಕೂ ಇದೇ ತೊಡಕು. ಕಳೆ ಮುಚ್ಚಿದ ಕೆರೆ ಇನ್‌ಫ್ರಾರೆಡ್ಡಿನಲ್ಲಿ ಕಪ್ಪಗಿರುವುದಿಲ್ಲ, ಹಾಗಾಗಿ ಎಚ್ಚರವಿಲ್ಲದೆ ಓದಿದರೆ ಅದು ಕೆರೆಯಲ್ಲ, ಮೈದಾನ ಅಥವಾ ತೋಟ.

ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಬೆಳ್ಳಂದೂರು ಕೆರೆ 2017ರ ಫೆಬ್ರುವರಿ, 2018ರ ಜನವರಿಯಲ್ಲಿ ಹೊತ್ತಿ ಉರಿದು ಸುದ್ದಿಯಾದಾಗ ಅದರ ಮೇಲೆ ಹರಡಿದ್ದೂ ಇಂಥ ಹಸಿರೇ. ಇನ್‌ಫ್ರಾರೆಡ್ಡಿನಲ್ಲಿ ತೆಗೆದಿದ್ದರೆ ಆ ಕೆರೆ ಕಾಶ್ಮೀರದ ಕ್ಯಾಲೆಂಡರಿನಂತೆ ಕಾಣುತ್ತಿತ್ತು. ಅಂತರಗಂಗೆಯನ್ನು ತಿನ್ನುವ ಮೂತಿಹುಳುಗಳನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದಲ್ಲೇ ಬೆಂಗಳೂರಿನ ಕೆರೆಗಳಿಗೆ ಬಿಟ್ಟು ನೋಡಿದ್ದರು, ಕೆಲವೆಡೆ ಒಳ್ಳೆಯ ಫಲವೂ ಸಿಕ್ಕಿತ್ತು. ಚರಂಡಿ ನೀರು ನಿಲ್ಲದ ಕಡೆ ಹುಳುವಾದರೂ ಎಷ್ಟು ತಿಂದೀತು?

ನನ್ನ ಮಟ್ಟಿಗೆ ತೀರ್ಮಾನ ಇಷ್ಟು. ಇನ್‌ಫ್ರಾರೆಡ್ಡಿನಲ್ಲಿ ಒಳ್ಳೆಯ ಕೆರೆಯ ಗುರುತು ಹಿಮವಲ್ಲ, ಕಪ್ಪು. ದಡದಲ್ಲಿ ಬಿಳಿ, ನಡುವೆ ಅಗಲವಾದ ಕಪ್ಪು ಇದ್ದರೆ ನೀರಿಗೆ ತೆರೆದ ಮೈಯಿದೆ ಎಂದರ್ಥ. ಹಾಗೆಂದು ಕಪ್ಪು ಕಂಡೊಡನೆ ಆ ನೀರನ್ನು ಕುಡಿಯಬಹುದು ಎಂದಲ್ಲ. ಕರಗಿದ ಕೊಳಚೆ ಈ ಬೆಳಕಿಗೆ ಕಾಣುವುದಿಲ್ಲ. ಅದಕ್ಕೆ ಮೂಗು ಬೇಕು, ಇಲ್ಲವೇ ಪ್ರಯೋಗಾಲಯ.

ಹಳೆಯ ಕ್ಯಾಮೆರಾಕ್ಕೆ ಹೊಸ ಜನ್ಮ

ತೆಗೆಯುವ ಆಸೆಯಾದವರಿಗೆ ಎರಡು ದಾರಿ. ಇದ್ದ ಕ್ಯಾಮೆರಾದ ಲೆನ್ಸಿಗೆ 720 ನ್ಯಾನೊಮೀಟರಿನ ಫಿಲ್ಟರ್ ಹಾಕುವುದು ಮೊದಲನೆಯದು. ಕಣ್ಣಿಗೆ ಅದು ಬರೀ ಕಪ್ಪು ಗಾಜು, ಒಳಗಿರುವ ತಡೆಗಾಜನ್ನೂ ದಾಟಿ ಬೆಳಕು ಹೋಗಬೇಕಾದ್ದರಿಂದ ನಡುಮಧ್ಯಾಹ್ನವೂ ಹಲವು ಸೆಕೆಂಡು ಶಟರ್ ತೆರೆದಿಡಬೇಕು. ಮರಕ್ಕೆ ಸರಿ, ಹಕ್ಕಿ ಅಷ್ಟು ಹೊತ್ತು ಯಾರಿಗಾಗಿಯೂ ಕೂರುವುದಿಲ್ಲ. ಎರಡನೆಯದು, ಹಳೆಯ ಡಿಜಿಟಲ್ ಕ್ಯಾಮೆರಾ ಬಿಚ್ಚಿಸಿ ಒಳಗಿನ ತಡೆಗಾಜನ್ನೇ ತೆಗೆಸಿ, ಆ ಜಾಗದಲ್ಲಿ ಇಂಥದೇ ಕಪ್ಪು ಫಿಲ್ಟರ್ ಕೂರಿಸುವುದು. ಆಮೇಲೆ ಅದು ಬೇರೆ ಕೆಲಸಕ್ಕೆ ಬಾರದು, ಆದರೆ ಹಾರುವ ಬೆಳ್ಳಕ್ಕಿಯೂ ಸಿಗುತ್ತದೆ. ನಾನು ಮೊದಲು ಕೊಟ್ಟ ರಿಪೇರಿ ಅಂಗಡಿಯಲ್ಲಿ ಸೆನ್ಸರಿನ ಮೇಲೆ ಬೆರಳಚ್ಚು ಬಿಟ್ಟು ಕೊಟ್ಟರು. ಆರು ತಿಂಗಳು ನನ್ನ ಆಕಾಶದಲ್ಲೆಲ್ಲ ಒಂದು ಹೆಬ್ಬೆಟ್ಟು ಇತ್ತು.

ಖರ್ಚಿಲ್ಲದ ಉಪಾಯವೂ ಇದೆ. ಹಳೆಯ ಕಲರ್ ಫಿಲಂ ರೋಲನ್ನು ತೊಳೆದಾಗ ತುದಿಯಲ್ಲಿ ಪೂರ್ತಿ ಕಪ್ಪಾಗಿ ಉಳಿಯುವ ತುಂಡಿದೆಯಲ್ಲ, ಅದು ಇನ್‌ಫ್ರಾರೆಡ್ಡಿಗೆ ಕಿಟಕಿ. ಎರಡು ಪದರ ಮಡಿಸಿ ಲೆನ್ಸಿಗೆ ಹಿಡಿದು, ಕ್ಯಾಮೆರಾವನ್ನು ಕಲ್ಲಿನ ಮೇಲಿಟ್ಟು ಪ್ರಯತ್ನಿಸಬಹುದು. ಅದನ್ನು ಕಣ್ಣಿಗೆ ಹಿಡಿದು ಸೂರ್ಯನನ್ನು ಮಾತ್ರ ಖಂಡಿತ ನೋಡಬೇಡಿ: ಕಾಣುವ ಬೆಳಕು ತಡೆದು ಕಾಣದ್ದನ್ನು ಬಿಡುವ ವಸ್ತು ಅದು, ಕಣ್ಣು ಸುಟ್ಟರೂ ನೋವು ತಿಳಿಯದು. ಫೋಕಸ್ ಕೂಡ ತುಸು ಜಾರುತ್ತದೆ; ಹಳೆಯ ಲೆನ್ಸುಗಳ ಮೇಲೆ ಇದಕ್ಕೆಂದೇ ಒಂದು ಕೆಂಪು ಚುಕ್ಕಿ ಇರುತ್ತಿತ್ತು, ನಮ್ಮಲ್ಲಿ ಬಹಳ ಮಂದಿ ಅದನ್ನು ಅಲಂಕಾರ ಎಂದುಕೊಂಡಿದ್ದೆವು. ಫಿಲಂ ಕಾಲದ ಕಷ್ಟ ಇನ್ನೂ ಹೆಚ್ಚಿತ್ತು. ಕೊಡಾಕ್‌ನ ಎಚ್‌ಐಇ ಫಿಲಂ ಫ್ರಿಜ್ಜಿನಲ್ಲಿಟ್ಟು, ಗಾಢ ಕತ್ತಲಲ್ಲಿ ತುಂಬಬೇಕಿತ್ತು. 2007ರಲ್ಲಿ ಅದು ನಿಂತುಹೋಯಿತು.

ಕುಂದಲಹಳ್ಳಿಗೆ ಹೋಗುವುದು ಈಗ ಸುಲಭ. 2023ರ ಮಾರ್ಚ್‌ನಿಂದ ಆ ಹೆಸರಿನ ಮೆಟ್ರೊ ನಿಲ್ದಾಣವೇ ಇದೆ. ನಿಮ್ಮ ಬಡಾವಣೆಯ ಕೆರೆಯಾದರೂ ಆದೀತು. ಹೋದಾಗ ಒಂದು ಕೆಲಸ ಮಾಡಿ. ದಡದ ಒಂದು ಕಲ್ಲನ್ನು ಗುರುತಿಟ್ಟುಕೊಂಡು, ಅಲ್ಲಿಂದಲೇ ಎರಡು ಚಿತ್ರ ತೆಗೆಯಿರಿ, ಒಂದು ಬಣ್ಣದ್ದು, ಒಂದು ಇನ್‌ಫ್ರಾರೆಡ್ಡಿನದು. ಹಿಂದೆ ತಾರೀಖು ಬರೆದಿಡಿ. ಮುಂದಿನ ವರ್ಷ ಅದೇ ತಿಂಗಳು, ಅದೇ ಕಲ್ಲಿನ ಮೇಲೆ ನಿಂತು ಇನ್ನೆರಡು ತೆಗೆಯಿರಿ. ಕಪ್ಪು ಎಷ್ಟು ಕಿರಿದಾಯಿತು ಎಂದು ಸ್ಕೇಲಿಟ್ಟು ಅಳೆದು, ವಾರ್ಡ್ ಸಭೆಗೆ ಹೋಗುವಾಗ ನಾಲ್ಕನ್ನೂ ಜೊತೆಗೆ ಒಯ್ಯಿರಿ.